ಕಾಣದ ಉರಿಯನ್ನು ನಂಬುವುದು



ಭಾನುವಾರದ ಪೂಜೆ ಮುಗಿದ ಮೇಲೆ ಅಸ್ವಸ್ಥರ ಮನೆಗಳಿಗೆ ಹೋಗುವಾಗ ಹೊಸೂರು ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದು ದೂರು ಕಿವಿಗೆ ಬೀಳುತ್ತದೆ. ಅಜ್ಜಿಗೆ ಲಕ್ವ ಹೊಡೆದು ಕೆಲವು ತಿಂಗಳಾಗಿದೆ. ಗೋಡೆ ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದಾರೆ. ಆದರೆ ಲಕ್ವ ಬಡಿದ ಕೈಗೆ ಸೀರೆಯ ಸೆರಗು ತಗುಲಿದರೂ "ಉರಿ, ಉರಿ" ಎನ್ನುತ್ತಾರೆ. ತಣ್ಣೀರು ಸೋಕಿದರೆ ಚೀರುತ್ತಾರೆ. ಪ್ರೀತಿಯಿಂದ ಎಣ್ಣೆ ತಿಕ್ಕಲು ಹೋದ ಸೊಸೆಯನ್ನು ತಳ್ಳುತ್ತಾರೆ. "ಗಾಯವಿಲ್ಲ, ಬಾವಿಲ್ಲ. ಸೂಜಿ ಚುಚ್ಚಿದರೆ ಗೊತ್ತಾಗುವುದಿಲ್ಲ, ಸೆರಗು ತಗುಲಿದರೆ ಉರಿಯಂತೆ! ಎಲ್ಲ ನಾಟಕ" ಎಂದು ಮನೆಯವರು ಪಿಸುಗುಡುತ್ತಾರೆ. ಬಾಯಿಬಿಟ್ಟು ಹೇಳದಿದ್ದರೂ ನಾವೂ ಹಾಗೆಯೇ ಅಂದುಕೊಂಡದ್ದುಂಟು.

ಇನ್ನೊಬ್ಬರ ನೋವು ನಮ್ಮ ಕಣ್ಣಿಗೆ ಕಾಣದಿದ್ದಾಗ ಅದನ್ನು ನಂಬುವ ಕರ್ತವ್ಯ ನಮಗಿದೆಯೇ?

ಮೊದಲು ವಿಷಯ ತಿಳಿಯೋಣ. ಪಾರ್ಶ್ವವಾಯುವಿನ ನಂತರ ಬರುವ ಇಂಥ ನೋವನ್ನು 1906ರಲ್ಲೇ ಫ್ರಾನ್ಸಿನ ವೈದ್ಯರಾದ ಡೆಜೆರಿನ್ ಮತ್ತು ರೂಸಿ ವಿವರಿಸಿದ್ದರು. ದೇಹದ ಸ್ಪರ್ಶ, ಬಿಸಿ, ತಂಪು, ನೋವುಗಳ ಸುದ್ದಿ ಸಾಗುವ ಮೆದುಳಿನ ದಾರಿ ಪೆಟ್ಟು ತಿಂದಾಗ ಇದು ಹುಟ್ಟುತ್ತದೆ. ಕೈ ಸರಿಯಾಗಿಯೇ ಇರುತ್ತದೆ. ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ತಂತಿ ಕೆಟ್ಟ ಕರೆಗಂಟೆ ಬಡಿದುಕೊಳ್ಳುವ ಹಾಗೆ. ಎಷ್ಟೋ ಸಲ ಇದು ಶುರುವಾಗುವುದು ಲಕ್ವ ಹೊಡೆದ ವಾರಗಳ ಅಥವಾ ತಿಂಗಳುಗಳ ನಂತರ, ಮನೆಯವರು "ಇನ್ನೇನು ವಾಸಿಯಾಯಿತು" ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ. ಸಾಮಾನ್ಯ ನೋವಿನ ಮಾತ್ರೆಗೆ ಇದು ಅಷ್ಟಾಗಿ ಜಗ್ಗುವುದಿಲ್ಲ. ಇದಕ್ಕೆ ವೈದ್ಯರು ನರಗಳ ಮೇಲೆ ಕೆಲಸ ಮಾಡುವ ಬೇರೆ ಔಷಧಿಗಳನ್ನು ಕೊಟ್ಟು ನೋಡುತ್ತಾರೆ.

ವೈದ್ಯರು ಇದನ್ನು ಪರೀಕ್ಷಿಸುವ ಕ್ರಮ ಸರಳ. ರೋಗಿ ಕಣ್ಣು ಮುಚ್ಚಬೇಕು. ಹತ್ತಿಯ ಎಳೆಯಿಂದ ಸವರುತ್ತಾರೆ. ಪಿನ್ನಿನ ಚೂಪು ಕಡೆ, ಮೊಂಡು ಕಡೆ ತಾಗಿಸುತ್ತಾರೆ. ಬಿಸಿ ನೀರಿನ ಕೊಳವೆ, ತಣ್ಣೀರಿನ ಕೊಳವೆ ಮುಟ್ಟಿಸುತ್ತಾರೆ. ಕಂಪಿಸುವ ಶ್ರುತಿಕವೆಯನ್ನು ಮೂಳೆಯ ಮೇಲಿಡುತ್ತಾರೆ. ಹೆಬ್ಬೆರಳನ್ನು ಅಲುಗಿಸಿ "ಮೇಲೋ ಕೆಳಗೋ?" ಎನ್ನುತ್ತಾರೆ. ಚೆನ್ನಾಗಿರುವ ಕೈಯೊಂದಿಗೆ ಪ್ರತಿಯೊಂದನ್ನೂ ಹೋಲಿಸುತ್ತಾರೆ. ಕಂಪನ ಸಾಗುವ ದಾರಿ ಬೇರೆ, ಚುಚ್ಚು ಮತ್ತು ಬಿಸಿ ತಂಪು ಸಾಗುವ ದಾರಿ ಬೇರೆ. ಹಾಗಾಗಿ ಒಂದು ಉಳಿದು ಇನ್ನೊಂದು ಹೋಗಿರಬಹುದು. ಒಂದೇ ಕೈಯಲ್ಲಿ ಮರಗಟ್ಟುವಿಕೆಯೂ ಉರಿಯೂ ಒಟ್ಟಿಗೆ ಇರಬಹುದು. ಮನೆಯವರು ಯಾವುದನ್ನು ನಾಟಕದ ಸಾಕ್ಷಿ ಎಂದುಕೊಂಡರೋ ಅದು ಆ ಕಾಯಿಲೆಯ ಗುರುತೇ ಆಗಿರುತ್ತದೆ.

ಗಮನಿಸಿ, ಈ ಪರೀಕ್ಷೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು "ನಿಮಗೆ ಹೇಗನಿಸುತ್ತದೆ?" ಎಂಬ ಪ್ರಶ್ನೆಯಲ್ಲಿ. ಸ್ಕ್ಯಾನು ಮೆದುಳಿನ ಗಾಯ ತೋರಿಸೀತು, ಉರಿಯನ್ನು ತೋರಿಸದು. ಉರಿಗೆ ಇರುವ ಸಾಕ್ಷಿ ಅಜ್ಜಿಯ ಮಾತೊಂದೇ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿಯೇ ಸೇರಿಸಿತು.

ನಮ್ಮಂಥ ಗಡಿನಾಡಿನವರಿಗೆ ಇಲ್ಲೊಂದು ಹೆಚ್ಚಿನ ಹೊಣೆಯಿದೆ. ಅಜ್ಜಿಯದು ಕನ್ನಡ, ಡಾಕ್ಟರದು ತಮಿಳು, ನಡುವೆ ನಿಂತವರು ನಾವು. ಅಜ್ಜಿ "ಉರಿ" ಎಂದರೆ ನಾವು "ವಲಿ" ಎಂದುಬಿಡುತ್ತೇವೆ. "ಎರಿಚ್ಚಲ್" ಎಂದಿದ್ದರೆ ಡಾಕ್ಟರಿಗೆ ನರದ ನೋವಿನ ಸುಳಿವು ಸಿಗುತ್ತಿತ್ತು. ಜೋಮು, ಉರಿ, ಸೆಳೆತ, ಇರುವೆ ಹರಿದಂತೆ: ಇವು ನಾಲ್ಕೂ ಬೇರೆ ಬೇರೆ. ಅವಸರದಲ್ಲಿ ಎಲ್ಲವನ್ನೂ ಒಂದೇ "ನೋವು" ಮಾಡಿದರೆ ಅದೂ ಒಂದು ಬಗೆಯ ಅನ್ಯಾಯವೇ.

ಯಾರಾದರೂ ನೋವನ್ನು ದೊಡ್ಡದು ಮಾಡಿ ಹೇಳಲಾರರೇ? ಹೇಳಬಹುದು. ಆದರೆ ನಂಬಿ ಮೋಸಹೋದರೆ ನಮಗೆ ನಷ್ಟವಾಗುವುದು ಸ್ವಲ್ಪ ಸಮಯ, ಸ್ವಲ್ಪ ಕನಿಕರ. ನಂಬದೆ ತಪ್ಪಿದರೆ ಒಬ್ಬರು ನೋವನ್ನೂ ಸುಳ್ಳುಗಾರರೆಂಬ ಹೆಸರನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಇನ್ನು, ನಂಬುವುದೆಂದರೆ ಸುಮ್ಮನೆ ತಲೆಯಾಡಿಸುವುದಲ್ಲ. ಭುಜದ ಕೀಲಿನದೋ ನರದ್ದೋ ಎಂದು ವೈದ್ಯರಿಂದ ತಿಳಿದುಕೊಳ್ಳುವುದೂ ನಂಬಿಕೆಯ ಕೆಲಸವೇ. ಹಠಾತ್ತನೆ ಹೊಸದಾಗಿ ಜೋಮು ಹಿಡಿದರೆ, ಮಾತು ತೊದಲಿದರೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬಿಸಿ ತಿಳಿಯದ ಕೈಗೆ ಶಾಖ ಕೊಡುವಾಗ, ಬಿಸಿನೀರು ಹಾಕುವಾಗ ಮೊದಲು ನಮ್ಮ ಕೈಯಿಂದ ಮುಟ್ಟಿ ನೋಡಬೇಕು.

ಸಂತ ಮಾರ್ಕರ ಶುಭಸಂದೇಶದ ಬಾರ್ತಿಮಾಯನನ್ನು ನೆನೆಯೋಣ. ಅವನು ಕೂಗಿದಾಗ ಸುತ್ತಲಿನವರು ಬಾಯಿ ಮುಚ್ಚಿಸಲು ನೋಡಿದರು. ಯೇಸುಸ್ವಾಮಿ ನಿಂತು, ಅವನನ್ನು ಕರೆಸಿ, ತಾನೇನು ಮಾಡಬೇಕೆಂದು ಅವನನ್ನೇ ಕೇಳಿದರು. ಅವನು ಕುರುಡನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಕೇಳಿದರು.

ಕಾಣುವ ಕಷ್ಟದ ಬಗ್ಗೆಯೇ ಪ್ರಭು ಕೇಳಿ ತಿಳಿದರೆ, ಕಾಣದ ಕಷ್ಟದ ಬಗ್ಗೆ ನಾವು ಕೇಳದೆ ತೀರ್ಪು ಕೊಡಬಹುದೇ? ಮುಂದಿನ ಸಲ ಆ ಅಜ್ಜಿಯ ಬಳಿ ಕುಳಿತಾಗ ಕೈ ಹಿಡಿಯುವ ಮೊದಲು ಕೇಳೋಣ: "ಅಜ್ಜಿ, ಯಾವ ಕೈ ಮುಟ್ಟಲಿ?"