ಆಲೋಚನೆಯೂ ಕ್ರಿಯೆಯೂ

ನವಲಗುಂದ ಸೀಮೆಯ ಎರೆಭೂಮಿಯ ಒಕ್ಕಲಿಗನು ಮಳೆ ಬರಬೇಕೋ ಬೇಡವೋ ಎಂದು ಆಲೋಚಿಸುವದಿಲ್ಲ. ಅದು ಅವನ ಕೈಯಲ್ಲಿಲ್ಲ. ಮಳೆ ಬಿದ್ದ ಮೇಲೆ ಹದ ನೋಡಿ ಹಿಂಗಾರಿ ಜೋಳಕ್ಕೆ ಕೂರಿಗೆಯನ್ನು ಯಾವಾಗ ಹೂಡಬೇಕೆಂಬದನ್ನೇ ಆಲೋಚಿಸುತ್ತಾನೆ. ಕ್ರಿಸ್ತ ಪೂರ್ವ 384ರಿಂದ 322ರ ವರೆಗೆ ಜೀವಿಸಿದ ಅರಿಸ್ಟಾಟಲನೆಂಬ ಗ್ರೀಕ ಜ್ಞಾನಿಯು ತನ್ನ ನೀತಿಶಾಸ್ತ್ರದಲ್ಲಿ ಇದನ್ನೇ ವಿವರಿಸಿದ್ದಾನೆ. ಬರಗಾಲ ಮಳೆಗಳ ವಿಷಯವಾಗಿ ಯಾರೂ ಆಲೋಚಿಸರು. ನಮ್ಮಿಂದಾಗುವ ಕಾರ್ಯಗಳ ವಿಷಯವಾಗಿಯೇ ಆಲೋಚಿಸುವೆವು. ಆಲೋಚನೆಯಿಂದ ಆಯ್ಕೆಯೂ ಆಯ್ಕೆಯಿಂದ ಕ್ರಿಯೆಯೂ ಹುಟ್ಟುವವು ಎಂಬದು ಅವನ ಬೋಧೆ.

ಹಾಗಾದರೆ ಬದುವಿನ ಜಗಳದಿಂದ ಅಣ್ಣನ ಸಂಗಡ ಮಾತು ಬಿಟ್ಟವನು, "ಸಮಾಧಾನವಾಗಬೇಕು, ನೋಡೋಣ" ಎಂದು ವರುಷ ವರುಷವೂ ಹೇಳುತ್ತಾ ಕರ್ತನ ಭೋಜನಕ್ಕೆ ಬಂದರೆ, ಅವನು ಆಲೋಚಿಸುತ್ತಿದ್ದಾನೋ? ಇಲ್ಲ, ಸುಮ್ಮನಿರುವದನ್ನೇ ಆರಿಸಿಕೊಂಡಿದ್ದಾನೆ. ಹದ ತಪ್ಪಿದ ಹೊಲದಲ್ಲಿ ಬಿತ್ತಿದ ಬೀಜವು ಮೊಳೆಯದು.

ಆದರೆ ಒಳ್ಳೇದನ್ನು ಅರಿತೂ ಮಾಡಲಾರದ ಬಲಹೀನತೆ ನಮ್ಮಲ್ಲುಂಟು. ಅರಿಸ್ಟಾಟಲನೂ ಅದನ್ನು ಕಂಡಿದ್ದನು. ಸದ್ಗುಣವು ಅಭ್ಯಾಸದಿಂದ ಬೆಳೆಯುವದೆಂದು ಕಲಿಸಿದನು. ಪೌಲನಾದರೋ ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಆ ಬಲಹೀನತೆಗಾಗಿ ಗೋಳಾಡಿ, ಕ್ರಿಸ್ತನಲ್ಲಿ ಬಿಡುಗಡೆಯನ್ನು ಕಂಡನು. ಹಂದಿಗಳ ನಡುವೆ ಕೂತು ಆಲೋಚಿಸಿದ ತಪ್ಪಿಹೋದ ಮಗನು ಅಲ್ಲಿಯೇ ಉಳಿಯಲಿಲ್ಲ. ಎದ್ದು ಮನೆಯ ದಾರಿ ಹಿಡಿದನು. ಸಹೋದರರೇ, ಕರ್ತನ ಬಲದಿಂದ ನಾವೂ ಈ ಹೊತ್ತೇ ಎದ್ದು ಅಣ್ಣನ ಬಾಗಿಲಿಗೆ ಹೋಗೋಣ.