ಮಳೆ ಬಂದ ಮೂರು ದಿನ

ಕಳೆದ ಭಾನುವಾರ ಚಿಕ್ಕಪ್ಪನ ಮಗಳು ತನ್ನ ಫೈನಲ್ ಇಯರ್ ಪ್ರಾಜೆಕ್ಟಿನ ಪೇಪರ್ ಕಳಿಸಿದಳು. "ಅಣ್ಣಾ, ಇಂಗ್ಲಿಷ್ ಸ್ವಲ್ಪ ನೋಡಿಕೊಡು, ನಾಳೆ ಸಬ್ಮಿಟ್ ಮಾಡ್ಬೇಕು." ಮಣ್ಣಿನ ತೇವ ಅಳೆದು ತಾನಾಗಿಯೇ ನೀರು ಬಿಡುವ ಸಾಧನ. ಅಬ್‌ಸ್ಟ್ರಾಕ್ಟ್, ಮೆಥಡ್ಸ್, ರಿಸಲ್ಟ್ಸ್ ಎಲ್ಲ ಅಚ್ಚುಕಟ್ಟು. ಸಿಮಿಲಾರಿಟಿ ಶೇ 8. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗೆ ದಂಡವಿಲ್ಲ. ಹಾಗಾಗಿ ಅವಳೂ ನಿಶ್ಚಿಂತೆ, ಗೈಡೂ ನಿಶ್ಚಿಂತೆ.

ನನ್ನ ಕಣ್ಣಿಗೆ ಬಿದ್ದದ್ದು ಒಂದು ಗ್ರಾಫ್. 11ನೇ ದಿನದಿಂದ ನೇರವಾಗಿ 15ಕ್ಕೆ ಹಾರಿತ್ತು. ಯಾಕೆ ಅಂತ ಕೇಳಿದೆ.

"ಆ ಮೂರು ದಿನ ಮಳೆ. ಸೆನ್ಸರ್ ಏನೇನೋ ತೋರಿಸ್ತು. ಬಿಟ್ಟುಬಿಡು ಅಂದ್ರು ಗೈಡು. ಉಳಿದಿದ್ದೆಲ್ಲ ಕರೆಕ್ಟಾಗೇ ಇದೆಯಲ್ಲ?"

ಪೇಪರಿನಲ್ಲಿ ಮಾತ್ರ ಸತತ 20 ದಿನ ಪರೀಕ್ಷಿಸಿದೆವು ಅಂತ ಬರೆದಿತ್ತು.

ಉಳಿದದ್ದೆಲ್ಲ ಸರಿ ಇದ್ದರೆ ಈ ಒಂದು ವಾಕ್ಯ ಸುಳ್ಳಾದರೇನು? ಪ್ರಶ್ನೆ ಸಣ್ಣದಲ್ಲ. ರಾಬರ್ಟ್ ಮಿಲಿಕನ್ ಎಣ್ಣೆಯ ಸಣ್ಣ ಹನಿಗಳನ್ನು ತೇಲಿಸಿ ಎಲೆಕ್ಟ್ರಾನಿನ ವಿದ್ಯುದಂಶ ಅಳೆದದ್ದನ್ನು ನಾವೆಲ್ಲ ಪಿಯುಸಿಯಲ್ಲಿ ಓದಿದ್ದೇವೆ. 1913ರ ಪೇಪರಿನಲ್ಲಿ ಅವರು 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿದ ಹನಿಗಳಲ್ಲ, 60 ದಿನಗಳಲ್ಲಿ ನೋಡಿದ ಎಲ್ಲ ಹನಿಗಳೂ ಇಲ್ಲಿವೆ ಎಂಬರ್ಥದ ಮಾತು ಬರೆದರು. ಆಮೇಲೆ ಇತಿಹಾಸಕಾರರು ಅವರ ನೋಟ್‌ಬುಕ್ ತೆರೆದಾಗ, ಬಿಟ್ಟ ಹನಿಗಳು ಎಷ್ಟೋ ಇದ್ದವು. ಕೆಲವನ್ನು ಬಿಡಲು ಒಳ್ಳೆಯ ಕಾರಣವೇ ಇತ್ತು. ಅವನ್ನು ಸೇರಿಸಿದ್ದರೂ ಉತ್ತರ ಹೆಚ್ಚು ಬದಲಾಗುತ್ತಿರಲಿಲ್ಲ, ಖಚಿತತೆ ಸ್ವಲ್ಪ ಕಮ್ಮಿ ಆಗುತ್ತಿತ್ತು, ಅಷ್ಟೆ. 1923ರಲ್ಲಿ ನೊಬೆಲ್ ಕೂಡ ಬಂತು.

ಅಂದರೆ ಉತ್ತರ ಸರಿ, ವಾಕ್ಯ ಸುಳ್ಳು. ಗೆದ್ದವರ ಕಥೆ ಆದ್ದರಿಂದ ನಾವು ಕ್ಷಮಿಸಿಬಿಡುತ್ತೇವೆ. ಆದರೆ ಬರೆಯುವ ಹೊತ್ತಿಗೆ ತನ್ನ ಉತ್ತರ ಸರಿ ಅಂತ ಯಾರಿಗೆ ತಾನೇ ಗೊತ್ತಿರುತ್ತೆ? ಹನಿ ಬಿಡೋದು ತಪ್ಪಲ್ಲ. ಬಿಟ್ಟೆ, ಇಂಥ ಕಾರಣಕ್ಕೆ ಬಿಟ್ಟೆ ಅಂತ ಹೇಳದಿರೋದು ತಪ್ಪು.

ಇದನ್ನು ಹೇಳೋ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ. ಇಂಜಿನಿಯರಿಂಗ್ ಕೊನೆಯ ವರ್ಷ ನಾನೂ ಸರಿಯಾಗಿ ಬಂದ ರೀಡಿಂಗ್‌ಗಳನ್ನಷ್ಟೇ ಹಾಕಿ ಪೇಪರ್ ಬರೆದಿದ್ದೆ. ಎರಡು ವರ್ಷದ ಮೇಲೆ ಒಬ್ಬ ಜೂನಿಯರ್ ಫೋನ್ ಮಾಡಿದ. "ಸರ್, ನಿಮ್ಮ ಪೇಪರ್ ಇಟ್ಕೊಂಡೇ ಮಾಡ್ತಾ ಇದೀನಿ. ಒಂದು ಸೆಮಿಸ್ಟರ್ ಆಯ್ತು, ನಂಗೆ ಆ ರಿಸಲ್ಟ್ ಬರ್ತಾನೇ ಇಲ್ಲ. ನಾನೇನು ತಪ್ಪು ಮಾಡ್ತಿದೀನಿ?" ಅವನು ಏನೂ ತಪ್ಪು ಮಾಡಿರಲಿಲ್ಲ. ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು, "ಸೆಟಪ್ ಇನ್ನೊಂದ್ಸಲ ಚೆಕ್ ಮಾಡಪ್ಪ" ಅಂದು ಫೋನಿಟ್ಟೆ. ಪೇಪರಿನಲ್ಲಿ ಹೇಳಿದ್ದಕ್ಕಿಂತ ಆ ಫೋನಿನಲ್ಲಿ ಹೇಳಿದ ಸುಳ್ಳೇ ಹೆಚ್ಚು ಕಾಡುತ್ತೆ.

ನಮಗೆ ಪೇಪರ್ ಬರೆಯೋದು ಕಲಿಸಿದವರು ಕಲಿಸಿದ್ದು ಎರಡು ಕಾಲಮ್ಮು, ಫಾಂಟ್ ಸೈಜು, ರೆಫರೆನ್ಸ್ ಹಾಕುವ ಕ್ರಮ. ಬೇರೆಯವರ ವಾಕ್ಯ ಕದಿಯಬಾರದು ಅಂತಲೂ ಕಲಿಸಿದರು, ಅದನ್ನು ಹಿಡಿಯೋಕೆ ಸಾಫ್ಟ್‌ವೇರ್ ಇದೆ. ಸ್ವಂತ ವಾಕ್ಯದಲ್ಲಿ ಹೇಳುವ ಸುಳ್ಳನ್ನು ಆ ಸಾಫ್ಟ್‌ವೇರ್ ಹಿಡಿಯಲ್ಲ. ಮೆಥಡ್ಸ್ ಅನ್ನೋದು ಮುಖ ನೋಡದ ಒಬ್ಬನಿಗೆ ಕೊಟ್ಟ ಮಾತು: ನೀನೂ ಹೀಗೇ ಮಾಡಿದರೆ ನಿನಗೂ ಇದೇ ಸಿಗುತ್ತೆ. ಇದನ್ನು ಮೊದಲ ಕ್ಲಾಸಿನಲ್ಲೇ ಹೇಳಬೇಕಿತ್ತು.

ತಂಗಿಗೆ ಇಷ್ಟೆಲ್ಲ ಭಾಷಣ ಮಾಡಲಿಲ್ಲ. ಜೂನಿಯರ್ ಕಥೆ ಮಾತ್ರ ಹೇಳಿದೆ. ಆಮೇಲೆ, "ಇದನ್ನ ನಂಬಿ ರೈತನೊಬ್ಬ ಹೊಲದಲ್ಲಿ ಹಾಕಿದ ಅಂತಿಟ್ಕೋ. ಅವನ ಹೊಲದಲ್ಲಿ ಮಳೆ ಬರಲ್ವಾ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ರಾತ್ರಿ ಹನ್ನೊಂದಕ್ಕೆ ಹೊಸ ಫೈಲ್ ಬಂತು. 12ರಿಂದ 14ನೇ ದಿನದವರೆಗೆ ಮಳೆಯಲ್ಲಿ ಸೆನ್ಸರ್ ನಂಬಲರ್ಹವಾಗಿರಲಿಲ್ಲ, ಕಾರಣ ಇನ್ನೂ ತಿಳಿದಿಲ್ಲ ಅಂತ ಎರಡು ಸಾಲು ಸೇರಿಸಿದ್ದಳು. ಕೆಳಗೆ ಮೆಸೇಜ್: "ರಿಜೆಕ್ಟ್ ಆದ್ರೆ ನೀನೇ ಜವಾಬ್ದಾರಿ."

ಆಗಲಿ ಅಂದೆ. ಇಂಗ್ಲಿಷ್‌ನಲ್ಲಿ ತಿದ್ದೋದು ಹೆಚ್ಚೇನೂ ಇರಲಿಲ್ಲ.