ಪುಯ್ ದ ದೋಮ್ ಬೆಟ್ಟವೂ ಶೂನ್ಯದ ಪ್ರಶ್ನೆಯೂ

ನಿಸರ್ಗ ಶೂನ್ಯವನ್ನು ಸಹಿಸುವುದಿಲ್ಲ ಎಂಬ ಅರಿಸ್ಟಾಟಲನ ಪರಂಪರೆಯ ಮಾತು ಯುರೋಪಿನಲ್ಲಿ ಶತಮಾನಗಳ ಕಾಲ ನಿಂತಿತ್ತು. ಅದನ್ನು ಅಲುಗಿಸಿದ್ದರಲ್ಲಿ ಫ್ರಾನ್ಸಿನ ಓವೆರ್ನ್ ಸೀಮೆಯ ಬೆಟ್ಟವೊಂದಕ್ಕೆ ದೊಡ್ಡ ಪಾಲಿದೆ. ಪಾದರಸ ತುಂಬಿದ ಕೊಳವೆಯನ್ನು ಬೋರಲು ಹಾಕಿದಾಗ ಮೇಲೆ ಖಾಲಿ ಜಾಗ ಉಳಿಯುವುದನ್ನು ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1644ರಲ್ಲೇ ವಿವರಿಸಿದ್ದ. ಪಾದರಸವನ್ನು ಎತ್ತಿ ಹಿಡಿದಿರುವುದು ಹೊರಗಿನ ಗಾಳಿಯ ಭಾರವಾದರೆ, ಮೇಲಿನ ಗಾಳಿ ಕಡಿಮೆಯಾಗುವ ಎತ್ತರದಲ್ಲಿ ಪಾದರಸ ಇಳಿಯಲೇಬೇಕು. ನಿಸರ್ಗಕ್ಕೆ ಶೂನ್ಯದ ಮೇಲಿರುವ ಜಿಗುಪ್ಸೆಯಾದರೆ, ಅದು ಬೆಟ್ಟದ ನೆತ್ತಿಯಲ್ಲಿ ಕಡಿಮೆಯಾಗಲು ಕಾರಣವಿಲ್ಲ. ಬ್ಲೇಸ್ ಪಾಸ್ಕಲ್‌ನ ಈ ತರ್ಕವನ್ನು ಪರೀಕ್ಷಿಸಲು ಅವನ ಭಾವ ಫ್ಲೋರಾಂ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಪುಯ್ ದ ದೋಮ್ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 3 ಅಂಗುಲ ಇಳಿದಿತ್ತು. ಕೆಳಗೆ ಕ್ಲೆರ್ಮಾಂ ಊರಿನ ಮಠದ ತೋಟದಲ್ಲಿ ಇನ್ನೊಂದು ಕೊಳವೆಯನ್ನು ದಿನವಿಡೀ ಗಮನಿಸಿದ ಪಾದ್ರಿಯೊಬ್ಬ, ಅದು ಕದಲಲಿಲ್ಲವೆಂದು ಸಾಕ್ಷಿ ಹೇಳಿದ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಕೆಳಗಿನ ಕೊಳವೆಯೇ. ಹವೆ ಬದಲಾದ್ದರಿಂದ ಪಾದರಸ ಇಳಿದಿರಬಹುದು ಎಂಬ ವಾದಕ್ಕೆ ಅದು ಮೊದಲೇ ಉತ್ತರ ಇಟ್ಟುಕೊಂಡಿತ್ತು.

ಇದರಿಂದ ಗಾಳಿಗೆ ಭಾರವಿದೆ ಎಂದಾಯಿತೇ ಹೊರತು ಕೊಳವೆಯೊಳಗಿನದು ಶೂನ್ಯವೆಂದು ಸಿದ್ಧವಾಗಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಡೆಕಾರ್ಟ್ ಗಾಳಿಯ ಭಾರವನ್ನು ಒಪ್ಪಿಯೂ ಆ ಜಾಗವನ್ನು ಸೂಕ್ಷ್ಮ ದ್ರವ್ಯ ತುಂಬಿದೆ ಎಂದೇ ನಂಬಿದ್ದ. ಬೆಟ್ಟ ಅವನನ್ನು ಸೋಲಿಸಲಿಲ್ಲ. ಜಿಗುಪ್ಸೆಯನ್ನು ಕಾರಣವೆಂದು ಹೇಳುವುದು ಮಾತ್ರ ಕಷ್ಟವಾಯಿತು. ಪರಂಪರೆಯನ್ನು ಹೀಗೆ ಅಳತೆಗೆ ಒಡ್ಡಿದರೆ ಶ್ರದ್ಧೆಗೂ ಅದೇ ಗತಿಯಲ್ಲವೇ? ಪಾಸ್ಕಲ್ ಹಾಗೆ ಎಣಿಸಲಿಲ್ಲ. ದೇವರ ವಿಷಯದಲ್ಲಿ ಧರ್ಮಗ್ರಂಥ ಪ್ರಮಾಣ, ನಿಸರ್ಗದ ವಿಷಯದಲ್ಲಿ ಪ್ರಯೋಗ ಮತ್ತು ತರ್ಕ ಪ್ರಮಾಣ ಎಂದು ಗೆರೆ ಎಳೆದ. ಆ ಗೆರೆ ಸರಿಯಾದದ್ದೆಂದೇ ನನ್ನ ನಿಲುವು, ಆದರೆ ಅದು ಎಲ್ಲೆಡೆ ಸ್ಪಷ್ಟವಲ್ಲ. ಇದೇ ಸೀಮೆಯ ಬೆಟ್ಟಗಳು ಆರಿದ ಜ್ವಾಲಾಮುಖಿಗಳೆಂದು 1752ರಲ್ಲಿ ಭೂವಿಜ್ಞಾನಿ ಗೆಟ್ಟಾರ್ ಹೇಳಿದ ಮೇಲೆ, ಅವು ಎಷ್ಟು ಹಳೆಯವು ಎಂಬುದರ ಜೊತೆಗೆ ಸೃಷ್ಟಿಯ ಕಾಲಗಣನೆಯಂಥ ಪ್ರಶ್ನೆ ಗೆರೆಯ ಯಾವ ಬದಿಗೆ ಸೇರಬೇಕೆಂಬ ಚರ್ಚೆ ತಪ್ಪಿಸಲಾಗದಂತಾಯಿತು.